ಗಾಳಿಗೆ ಹೊಲಿದ ಕೌದಿ

ದೊಡ್ಡವ್ವನ ಎಡಭುಜದ ಮೇಲೆ, ಕುಬಸದ ಬಟ್ಟೆಗೆ, ಸದಾ ಏಳೆಂಟು ಸೂಜಿಗಳು ಚುಚ್ಚಿರುತ್ತಿದ್ದವು. ಒಂದೊಂದರಲ್ಲೂ ಒಂದೊಂದು ಬಣ್ಣದ ದಾರ, ಮೊಳದುದ್ದ. ಅವಳು ಓಣಿಯಲ್ಲಿ ನಡೆದು ಬಂದರೆ ಕೆಂಪು, ಹಸಿರು, ಹಳದಿ ದಾರಗಳೆಲ್ಲ ಹಿಂದಕ್ಕೆ ಹಾರಾಡುತ್ತಿದ್ದವು. ಕೂಸುಗಳನ್ನು ಎತ್ತಿಕೊಳ್ಳುವಾಗ ಮರೆಯದೆ ಬಲಭುಜಕ್ಕೆ ಹಾಕಿಕೊಳ್ಳುತ್ತಿದ್ದಳು. ಓಣಿಯ ಅಷ್ಟೂ ಕೂಸುಗಳು ಆ ಬಲಭುಜದ ಮೇಲೆಯೇ ಬೆಳೆದವು, ಒಂದಕ್ಕೂ ಸೂಜಿ ತಾಗಿದ್ದಿಲ್ಲ.

ಸಂಬಂಧದಲ್ಲಿ ಅವಳು ನನಗೆ ಏನೂ ಆಗಬೇಕಾಗಿರಲಿಲ್ಲ. ಗೋವಾದ ಕೆಪೆಯಲ್ಲಿ ನಮ್ಮದು ಹನ್ನೆರಡು ಖೋಲಿಗಳ ಸಾಲು. ಬಾಗಲಕೋಟೆ, ವಿಜಾಪುರ, ಗದಗ ಕಡೆಯಿಂದ ಕೂಲಿಗೆ ಬಂದವರೇ ಎಲ್ಲ. ನಾನು ಮದುವೆಯಾಗಿ ಅಲ್ಲಿಗೆ ಬಂದಾಗ ಅವಳು ಬಂದು ಇಪ್ಪತ್ತು ವರ್ಷವಾಗಿತ್ತು. ಹಗಲೆಲ್ಲ ಕಟ್ಟಡಗಳಲ್ಲಿ ತಲೆಯ ಮೇಲೆ ಗಾರೆ ಹೊರುವುದು, ಸಂಜೆ ಬೆಳಕಿರುವವರೆಗೆ ಬಾಗಿಲಲ್ಲಿ ಕೂತು ಹಳೆಯ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯುವುದು. ಮುದುಕರಿಂದ ಮಕ್ಕಳವರೆಗೆ ಎಲ್ಲರಿಗೂ ಅವಳು ದೊಡ್ಡವ್ವ. ಗಂಡ ತೀರಿದ ಮೇಲೆ ಎರಡು ವರ್ಷ ಊರಲ್ಲಿ ತಮ್ಮನ ಮನೆಯಲ್ಲಿದ್ದಳಂತೆ. ಯಾಕೆ ಬಿಟ್ಟು ಬಂದೆ ಎಂದು ಒಮ್ಮೆ ಕೇಳಿದೆ.

"ಅಲ್ಲಿ ರೊಟ್ಟಿ ಬೇಕೇನು ಅಂತ ಕೇಳಿ ನೀಡತಿದ್ರು. ಬೇಕು ಅನ್ನೂದು ನನಗ ಬರಲಿಲ್ಲ ನೋಡವಾ" ಅಂದಳು.

ನಾನು ಬಂದ ಎರಡನೆಯ ವರ್ಷದ ಮಳೆಗಾಲದಲ್ಲಿ ಅವಳು ಗಾರೆಯ ಬುಟ್ಟಿಯ ಸಮೇತ ಮೆಟ್ಟಿಲಿನಿಂದ ಜಾರಿ ಬಿದ್ದಳು. ಮೊಣಕಾಲು ಊದಿ ಕುಂಬಳಕಾಯಿಯಾಯಿತು. ಮೇಸ್ತ್ರಿ ಬಂದು ನೋಡಿ, ಇನ್ನು ಕೆಲಸಕ್ಕೆ ಬರುವುದು ಬೇಡ ಎಂದು ಹೇಳಿ ಹೋದ. ಸುದ್ದಿ ಊರಿಗೂ ಮುಟ್ಟಿತು. ದಸರೆ ಮುಗಿದ ಮೇಲೆ ಬಂದು ಕರೆದುಕೊಂಡು ಹೋಗುತ್ತೇನೆಂದು ತಮ್ಮ ಫೋನು ಮಾಡಿದ. ಕೌದಿ ಹೊಲಿದು ಒಂದು ಹೊಟ್ಟೆ ತುಂಬಿಸುವುದು ಸಾಧ್ಯವಿರಲಿಲ್ಲ, ಎಲ್ಲರ ಮನೆಯಲ್ಲೂ ಅವಳು ಹೊಲಿದ ಕೌದಿ ಇದ್ದೇ ಇತ್ತು, ಅವು ಹರಿಯುತ್ತಲೂ ಇರಲಿಲ್ಲ! ಗಟ್ಟಿ ಕೆಲಸ ಮಾಡುವವರಿಗೆ ಇದೊಂದು ತೊಂದರೆ. ಅವಳು ಯಾರ ಮುಂದೆಯೂ ಅಳಲಿಲ್ಲ. ಪಾತ್ರೆಗಳನ್ನು ಮಾತ್ರ ಒಂದೊಂದಾಗಿ ಓಣಿಯವರಿಗೆ ಕೊಡತೊಡಗಿದಳು. ನನಗೆ ರೊಟ್ಟಿಯ ಹಂಚು ಬಂತು. ಅದನ್ನು ಒಲೆಯ ಮೇಲಿಡಲು ನನಗೆ ಮನಸ್ಸಾಗಲಿಲ್ಲ.

ಆಗ ನಮ್ಮ ಮನೆಯವರು ಟೆಂಪೋ ಓಡಿಸುತ್ತಿದ್ದರು. ಮಳೆ ನಿಂತ ಮೇಲೆ ಕಡಲ ದಂಡೆಯಲ್ಲಿ ಊಟದ ಗುಡಿಸಲುಗಳು, ಶ್ಯಾಕುಗಳು, ಏಳುತ್ತವಲ್ಲ, ಅವಕ್ಕೆ ಬಿದಿರು, ಚಾಪೆ ಸಾಗಿಸುವ ಕೆಲಸ. ಒಂದು ಮಧ್ಯಾಹ್ನ ಬಂದವರೇ ನಗತೊಡಗಿದರು. ಬೇತುಲದ ಆಚೆ ದಂಡೆಯ ಮೇಲೆ ಚಿತ್ರ ಬರೆಯುವ ಹೆಂಗಸೊಬ್ಬಳಿದ್ದಾಳೆ, ಪಣಜಿಯವಳು, ಅಮ್ಮಾವ್ರು ಅನ್ನುವ ಹಾಗೆ ಎಲ್ಲರೂ ಬಾಯಿ ಅನ್ನುತ್ತಾರೆ, ಜನರಿಗೆ ಗಾಳಿಯನ್ನು ತೋರಿಸಬೇಕಂತೆ. ಅದಕ್ಕಾಗಿ ಬಿದಿರಿನ ಗಳುಗಳಿಗೆ ನಲವತ್ತು ಅಡಿಯ ಬಟ್ಟೆ ಕಟ್ಟಿಸಿದಳು, ಸಮುದ್ರದ ಗಾಳಿ ಎರಡು ಸಲ ಹರಿದು ಹಾಕಿತು. ದರ್ಜಿಯ ಮಷಿನ್ ಹೊಲಿಗೆ ನಿಲ್ಲಲಿಲ್ಲ.

ನಾನೂ ನಕ್ಕೆ. ದೊಡ್ಡವ್ವ ನಗಲಿಲ್ಲ.

"ಎಷ್ಟು ಪದರ ಇತ್ತು ಕೇಳಿದೇನಪಾ?" ಅಂದಳು.

ಮರುದಿನ ನಾವು ಮೂವರೂ ಟೆಂಪೋದಲ್ಲಿ ಹೊರಟೆವು. ಗೋವಾದಲ್ಲಿದ್ದೀರಿ, ದಿನಾ ಬೀಚಿಗೆ ಹೋಗುತ್ತೀರೇನೋ ಎಂದು ಊರಿನವರು ಇವತ್ತಿಗೂ ಕೇಳುತ್ತಾರೆ. ಅವರಿಗೆ ಏನು ಹೇಳಲಿ? ಇಪ್ಪತ್ತು ವರ್ಷ ಗಾರೆ ಹೊತ್ತ ದೊಡ್ಡವ್ವ ಆ ದಿನದವರೆಗೆ ಸಮುದ್ರ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ಟೆಂಪೋ ಇಳಿದ ಕೂಡಲೇ ಗಾಳಿ ಬಂದು ಮುಖಕ್ಕೆ ಬಡಿಯಿತು, ಬಾಯಿ ತೆರೆದರೆ ನಾಲಿಗೆಯ ಮೇಲೆ ಉಪ್ಪು. ನಾನು ಸೆರಗು ಹಿಡಿದುಕೊಳ್ಳುವುದರಲ್ಲಿ ಸಾಕುಸಾಕಾದೆ. ದೊಡ್ಡವ್ವ ಕುಂಟುತ್ತ ನೇರ ನೀರಿನ ತನಕ ಹೋದಳು. ನೀರಿಗೆ ಬೆನ್ನು ಮಾಡಿ ನಿಂತಳು. ತಲೆಯ ಮೇಲಿನ ಸೆರಗು ಬಿಚ್ಚಿ, ಎರಡೂ ಕೈಯಿಂದ ಅದರ ತುದಿಗಳನ್ನು ಹಿಡಿದು, ಗಾಳಿಗೆ ಬಿಟ್ಟು, ಕಣ್ಣು ಮುಚ್ಚಿದಳು. ಎಷ್ಟು ಹೊತ್ತು! ನನಗೋ ನಾಚಿಕೆ, ಯಾರು ನೋಡಿ ಏನೆಂದಾರೋ ಎಂದು.

ಕಣ್ಣು ತೆರೆದಾಗ ಅವಳ ಮುಖ ಹೊಸ ಮದುಮಗಳದ್ದಾಗಿತ್ತು.

"ಜಗ್ಗತೈತಿ, ಬಿಡತೈತಿ, ಮತ್ತ ಜಗ್ಗತೈತಿ. ಕೂಸು ಹಾಲು ಕುಡದಂಗ ಐತೆವಾ ಇದು. ಆ ಬಾಯಿ ಅವ್ರಿಗೆ ಹೇಳು, ನಾ ಹೊಲಿತೇನಿ."

ಪಣಜಿಯ ಬಾಯಿಗೆ ಕನ್ನಡ ಬರುತ್ತಿರಲಿಲ್ಲ, ದೊಡ್ಡವ್ವನಿಗೆ ಕೊಂಕಣಿ, ಹಿಂದಿ ಎರಡೂ ಅಷ್ಟಕ್ಕಷ್ಟೇ. ನಡುವೆ ನಾನು, ನನ್ನ ಮುರುಕು ಹಿಂದಿ. ಬಾಯಿ ತೆಳ್ಳಗಿನ, ಸಿಡುಕಿನ ಹೆಂಗಸು. ಹನ್ನೆರಡು ದಿನಕ್ಕೆ ನೋಡುವವರು ಬರುತ್ತಾರೆ, ಈ ಸಲವೂ ಹರಿದರೆ ಎಲ್ಲ ಬಿಟ್ಟುಬಿಡುತ್ತೇನೆ ಅಂದಳು. ನಿಂತರೆ? ನಿಂತರೆ ವರ್ಷವಿಡೀ ಇಂಥದ್ದೇ ಹೊಲಿಗೆಯ ಕೆಲಸವಿದೆ, ಬೇರೆ ಬೇರೆ ದಂಡೆಗಳಿಗೆ, ಅಂದಳು. ನಾನು ಅದನ್ನು ಕನ್ನಡಕ್ಕೆ ತಿರುಗಿಸುವ ಮೊದಲೇ ದೊಡ್ಡವ್ವನಿಗೆ ತಿಳಿದಿತ್ತು.

ಆ ಹತ್ತು ದಿನ ನಮ್ಮ ಓಣಿಯಲ್ಲಿ ಹಬ್ಬವೇ ಹಬ್ಬ. ಮನೆಗೆರಡರಂತೆ ಹಳೆಯ ಸೀರೆಗಳು ಬಂದವು. ನಾನು ಮದುವೆಯಲ್ಲಿ ಉಟ್ಟ ಎರಡನೆಯ ಸೀರೆ ಕೊಟ್ಟೆ, ಗುಲಾಬಿ ಬಣ್ಣದ್ದು. ಏಳು ಹೆಂಗಸರು ಅಂಗಳದ ಉದ್ದಕ್ಕೂ ಬಟ್ಟೆ ಹಾಸಿ ಕೂತೆವು. ಎರಡೇ ಪದರ ಇರಲಿ, ಮೇಲಿಂದ ಕೆಳಕ್ಕೆ ಗೇಣಿಗೊಂದು ಸಾಲು ಹೊಲಿಗೆ ಬರಲಿ, ನಡುವೆ ಉದ್ದುದ್ದ ಚೀಲಗಳಂತೆ ಜಾಗ ಉಳಿಯಲಿ ಎಂದು ದೊಡ್ಡವ್ವ ಹೇಳಿಕೊಟ್ಟಳು. ದಾರ ಬಿಗಿಯಾಗಿ ಎಳೆದವರ ಕೈಗೆ ಏಟು ಬೀಳುತ್ತಿತ್ತು. "ಬಿಗಿದದ್ದು ಹರಿತೈತಿ, ಸಡ್ಲ ಬಿಟ್ಟದ್ದು ಬಾಳತೈತಿ" ಎನ್ನುವುದು ಅವಳ ಮಾತು. ಗಂಡಸರ ವಿಷಯಕ್ಕೂ ಇದು ಹೊಂದುತ್ತದೇನು ಎಂದು ಯಾರೋ ಕೇಳಿ, ಏಳು ಜನರೂ ನಕ್ಕು ನಕ್ಕು ಒಂದು ಸಾಲು ಸೊಟ್ಟಗಾಯಿತು. ಅದನ್ನೂ ಬಿಚ್ಚಿಸಿ ಹೊಲಿಸಿದಳು.

ಕೊನೆಯ ದಿನ ನಡೆದದ್ದು ನಮ್ಮ ಕಡೆಯವರಷ್ಟೇ ಮಾಡಬಹುದಾದ ತಪ್ಪು. ಕೌದಿಯ ಕೊನೆಯ ಮೂಲೆಯನ್ನು ಹೊಲಿದು ಮುಚ್ಚುವ ಮುಂಚೆ ಒಳಗೊಂದು ಚೂರು ಚಪಾತಿ ಇಡುವುದು ನಮ್ಮ ಓಣಿಯವರ ರೂಢಿ. ಕೌದಿಯ ಹೊಟ್ಟೆ ಬರಿದಾಗಿರಬಾರದು, ಹೊದ್ದವರು ಹಸಿದು ಮಲಗಬಾರದು ಎಂದು. ದೊಡ್ಡವ್ವ ಇದನ್ನು ತಪ್ಪಿಸಿದವಳಲ್ಲ. ಆದರೆ ಇದು ನಲವತ್ತು ಅಡಿಯ ಕೌದಿ.

"ಒಂದು ತುತ್ತು ಸಾಕಾಗೂದಿಲ್ಲವಾ ಇದಕ್ಕ. ಆನಿಯಂಥಾದ್ದು" ಅಂದಳು.

ನಾನೇ ಚಪಾತಿ ಬೇಯಿಸಿದೆ, ಬೆಲ್ಲ ಸವರಿದೆ. ಉದ್ದುದ್ದ ಚೀಲಗಳ ಕೆಳತುದಿಗೆ ಒಂದೊಂದು ಚೂರು ಇಟ್ಟು ಮುಚ್ಚಿದೆವು. ಬಾಯಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕೌದಿಗೆ ಉಣಿಸುವುದನ್ನು ಯಾರಾದರೂ ಹೇಳಿ ಮಾಡುತ್ತಾರೆಯೇ?

ಜನ ಬರುವ ದಿನ ಬೆಳಿಗ್ಗೆ, ಗಾಳಿ ಇನ್ನೂ ನೆಲದ ಕಡೆಯಿಂದ ಮೆಲ್ಲಗೆ ಬರುತ್ತಿದ್ದಾಗ, ಕೌದಿಯನ್ನು ಗಳುಗಳಿಗೆ ಏರಿಸಿದೆವು. ಕೆಳಅಂಚಿಗೆ ಮರಳಿನ ಚೀಲ ಕಟ್ಟಿ, ತೆಂಗಿನ ನೆರಳಿಗೆ ಹೋಗಿ ಚಹಾ ಕುಡಿಯುತ್ತ ಕೂತೆವು. ಅರ್ಧ ತಾಸೂ ಆಗಿರಲಿಲ್ಲ. ಕಾಗೆಗಳ ಗಲಾಟೆ ಕೇಳಿ ತಿರುಗಿ ನೋಡಿದರೆ, ಶ್ಯಾಕುಗಳ ಎಂಜಲು ತಿಂದು ಕೊಬ್ಬಿದ ಕಾಗೆಗಳೆಲ್ಲ ನಮ್ಮ ಕೌದಿಯ ಬುಡದಲ್ಲಿ ಪಂಕ್ತಿ ಕೂತಿದ್ದವು. ಎದ್ದು ಓಡಿದೆವು, ಕೂಗಿದೆವು, ಮರಳು ಎರಚಿದೆವು. ಸಮುದ್ರದ ಕಡೆಯ ಪದರದಲ್ಲಿ, ಕೆಳಗೆ, ಸಾಲಾಗಿ ತೂತುಗಳು. ಒಂದೊಂದೂ ಮುಷ್ಟಿ ಹೋಗುವಷ್ಟು ದೊಡ್ಡದು.

ಬಾಯಿ ಬಂದು ನೋಡಿದಳು. ಒಳಗೆ ಏನಿತ್ತು ಎಂದು ಕೇಳಿದಳು. ನಾನು ಹೇಳಿದೆ. ಅವಳು ನನ್ನನ್ನೇ ನೋಡಿದಳು, ಆಮೇಲೆ ಇಳಿಸಿ ಎಂದು ಕೈ ತೋರಿಸಿ, ಯಾರಿಗೋ ಫೋನು ಹಚ್ಚತೊಡಗಿದಳು. ದೊಡ್ಡವ್ವ ಮರಳಿನ ಮೇಲೆ ಕುಸಿದು ಕೂತಳು.

"ಬಿಡವಾ, ಇಳಸ್ರಿ. ತಪ್ಪು ನಂದ ಐತಿ. ಊರಿಗೆ ಹೊಕ್ಕೇನಿ" ಅಂದಳು.

ಅದುವರೆಗೆ ನಾನು ಅನ್ಯರ ಎದುರಿಗೆ ಸ್ವಂತ ಮಾತು ಆಡಿದವಳಲ್ಲ. ಅಂಗಡಿಯಲ್ಲಿ ಉಪ್ಪು ಕೇಳಲೂ ನಮ್ಮ ಮನೆಯವರನ್ನು ಕಳಿಸುತ್ತಿದ್ದೆ. ಎಲ್ಲಿಂದ ಬಂತೋ ಆ ಸಿಟ್ಟು, ಬಾಯಿಯ ಎದುರಿಗೆ ಹೋಗಿ ನಿಂತೆ. "ಬಾಯಿ, ಥೋಡಾ ಠಹರೋ. ಹವಾ ಆನೇ ದೋ" ಅಂದೆ, ಸ್ವಲ್ಪ ತಾಳು, ಗಾಳಿ ಬರಲಿ ಎಂದು. ಹಗ್ಗ ಬಿಚ್ಚಲು ಬಂದ ಗಂಡಸರ ಕೈಯಿಂದ ಹಗ್ಗದ ತುದಿ ಕಸಿದುಕೊಂಡು, ಅದನ್ನು ಸೊಂಟಕ್ಕೆ ಸುತ್ತಿಕೊಂಡು, ಗಳುವಿನ ಬುಡದಲ್ಲಿ ಕೂತೆ. ನನ್ನನ್ನು ಎಬ್ಬಿಸುವ ಧೈರ್ಯ ಯಾರೂ ಮಾಡಲಿಲ್ಲ, ನಮ್ಮ ಮನೆಯವರೂ ಮಾಡಲಿಲ್ಲ!

ಮಧ್ಯಾಹ್ನದ ಹೊತ್ತಿಗೆ ಗಾಳಿ ತಿರುಗಿತು. ಮೊದಲು ನೀರಿನ ಮೇಲೆ ಒಂದು ಕಪ್ಪು ಗೆರೆ ಕಂಡಿತು, ಆಮೇಲೆ ಒಣ ಮರಳು ಕಾಲಿಗೆ ಚುಚ್ಚತೊಡಗಿತು, ಆಮೇಲೆ ಗಾಳಿ. ಹಗ್ಗ ನನ್ನ ಸೊಂಟವನ್ನು ಒಮ್ಮೆ ಜಗ್ಗಿತು, ಬಿಟ್ಟಿತು, ಮತ್ತೆ ಜಗ್ಗಿತು. ಹರಿಯಿತು ಅಂದುಕೊಂಡು ಕಣ್ಣು ಮುಚ್ಚಿದೆ. ಕೇಳಿಸಿದ್ದು ಹರಿದ ಸದ್ದಲ್ಲ, ಗುಂಯ್ ಎನ್ನುವ ದನಿ. ಕಾಗೆ ಕೊರೆದ ತೂತುಗಳಲ್ಲಿ ಗಾಳಿ ನುಗ್ಗಿ, ಎರಡು ಪದರದ ನಡುವೆ ಏರಿ, ಚೀಲಗಳು ಒಂದೊಂದಾಗಿ ಉಬ್ಬುತ್ತಿದ್ದವು. ಹಸಿರು ಉಬ್ಬಿತು, ಅದರ ಪಕ್ಕದ ಕೆಂಪು ಉಬ್ಬಿತು, ನಲವತ್ತು ಅಡಿಯ ಉದ್ದಕ್ಕೂ ಓಣಿಯ ಅಷ್ಟೂ ಸೀರೆಗಳು ಉಸಿರು ತೆಗೆದುಕೊಂಡವು. ಗಾಳಿ ಜೋರಾದಾಗ ದನಿ ಏರುತ್ತಿತ್ತು, ಸಣ್ಣದಾದಾಗ ಇಳಿಯುತ್ತಿತ್ತು. ನನ್ನ ಎದೆಯೊಳಗೂ ಅದು ಗುಂಯ್‌ಗುಡುತ್ತಿತ್ತು.

ದೊಡ್ಡವ್ವ ಎದ್ದಳು. ಆ ಮೊಣಕಾಲಿನಲ್ಲಿ ಓಡಿದಳು! ಈ ತುದಿಯಿಂದ ಆ ತುದಿಗೆ, ಒಂದೊಂದು ಚೀಲಕ್ಕೂ ಕಿವಿ ಹಚ್ಚಿ, ಕೆನ್ನೆ ಒತ್ತಿ. ನನ್ನ ಗುಲಾಬಿ ಸೀರೆಯ ಹತ್ತಿರ ನಿಂತು ಕೂಗಿದಳು:

"ಯವ್ವಾ, ನಿನಗಿಂತ ಮೊದಲ ನಿನ್ನ ಸೀರಿಗೆ ಹೊಟ್ಟಿ ಬಂತಲ್ಲ!"

ಬಾಯಿ ಆಗ ಮತ್ತೆ ಯಾರಿಗೋ ಫೋನು ಹಚ್ಚಿದ್ದಳು, ಅದರೊಳಗೆ ಯಾರೋ ಮಾತಾಡುತ್ತಲೇ ಇದ್ದರು. ಅವಳು ಅದನ್ನು ಮರಳಿನ ಮೇಲಿಟ್ಟು ಬಂದು ಕೌದಿಗೆ ಬೆನ್ನು ಕೊಟ್ಟು ನಿಂತಳು. ಗಾಳಿ ಅವಳನ್ನು ಮೆಲ್ಲಗೆ ಮುಂದಕ್ಕೆ ತಳ್ಳಿತು. ಅವಳು ನಕ್ಕಳು, ಆಮೇಲೆ ಅತ್ತಳು, ಎರಡನ್ನೂ ಒಟ್ಟಿಗೆ ಮಾಡಿದಳು. ನಾಲ್ಕು ಗಂಟೆಗೆ ಜನ ಬಂದರು. ಮೀನು ಮಾರುವ ಹೆಂಗಸರು ಬುಟ್ಟಿ ಇಳಿಸಿ ಬಂದರು. ಒಂದು ಮೂಲೆ ಹರಿಯಿತು, ಸುಳ್ಳು ಯಾಕೆ ಹೇಳಲಿ. ದೊಡ್ಡವ್ವ ಅಲ್ಲೇ ನಿಂತು ಹೊಲಿದಳು, ಗಾಳಿ ಬಿಟ್ಟಾಗ ಸೂಜಿ ತೂರಿಸಿ, ಜಗ್ಗಿದಾಗ ದಾರ ಎಳೆಯಗೊಟ್ಟು. ಬಂದವರಲ್ಲಿ ಅರ್ಧ ಜನ ಅದನ್ನೇ ನೋಡುತ್ತ ನಿಂತರು.

ದಸರೆ ಮುಗಿದು ಬಂದ ತಮ್ಮ ಒಬ್ಬನೇ ತಿರುಗಿ ಹೋದ. ಮುಂದಿನ ನಾಲ್ಕು ವರ್ಷ ದೊಡ್ಡವ್ವ ಗಾಳಿಗೆ ಹೊಲಿದು ಬದುಕಿದಳು. ಗಾಳಿ ನುಗ್ಗುವ ತೂತುಗಳನ್ನು ಈಗ ಅವಳೇ ಕತ್ತರಿಯಿಂದ ಕತ್ತರಿಸಿ, ಅಂಚು ಹೊಲಿದು ಬಿಡುತ್ತಿದ್ದಳು. ಆದರೂ ಚಪಾತಿ ಇಡುವುದನ್ನು ಬಿಡಲಿಲ್ಲ, ಕಾಗೆ ಮುಟ್ಟದ ಜಾಗ ಹುಡುಕಿ ಇಡುತ್ತಿದ್ದಳು ಅಷ್ಟೇ. ನಾನು ಅವಳ ಪಕ್ಕ ಕೂತು ಕಲಿತೆ. ನನ್ನ ಮಗಳು ಹುಟ್ಟಿ ಅವಳ ಬಲಭುಜಕ್ಕೆ ಏರಿದಳು. ಇವತ್ತು ನಾನು ನಾಲ್ಕು ಜನರೆದುರು ತಲೆ ಎತ್ತಿ ಮಾತಾಡುತ್ತೇನೆ, ನನ್ನ ಕೆಲಸಕ್ಕೆ ನಾನೇ ಬೆಲೆ ಹೇಳುತ್ತೇನೆ. ಅದು ದೊಡ್ಡವ್ವ ಕೊಟ್ಟದ್ದು.

ಎರಡು ಸಾವಿರದ ಹನ್ನೊಂದರ ಮಳೆಗಾಲದಲ್ಲಿ ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟಳು. ತಮ್ಮನ ಮಗ ಗಾಡಿ ತಂದ. ಮನೆತನದವಳು, ಊರಲ್ಲೇ ಮಣ್ಣಾಗಬೇಕು ಅಂದ. ಓಣಿಯ ಹಿರಿಯರು ರಕ್ತಸಂಬಂಧವಲ್ಲವೇ ಎಂದು ದಾರಿ ಬಿಟ್ಟರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಬರಾಂಗಿಲ್ಲ ಅಂತ ಆಕಿ ನಾಕು ವರ್ಷದ ಹಿಂದ ಹೇಳ್ಯಾಳ್ರಿ. ನೀವು ಮಣ್ಣು ಕೊಟ್ಟು, ಉಂಡು ಹೋಗ್ರಿ. ಆಕಿ ಇಲ್ಲೇ ಇರತಾಳ."

ಕೆಪೆಯಲ್ಲೇ ಮಣ್ಣು ಮಾಡಿದೆವು. ಸುತ್ತ ದಟ್ಟ ಗೇರುಮರಗಳಿರುವ ತಗ್ಗು ಜಾಗ ಅದು. ನಾನು ಆಗಾಗ ಹೋಗಿ ಕೂತು ಬರುತ್ತೇನೆ. ಅಲ್ಲಿಗೆ ಗಾಳಿ ಬರುವುದಿಲ್ಲ, ಅದೊಂದೇ ನನಗೆ ಸಂಕಟ.