ಬಲ್ಗೇರಿಯಾದ ಮಾರ್ಚು, ತಲ್ಲೂರಿನ ಶೀನಣ್ಣ

ಮೊನ್ನೆ ಬೆಳಿಗ್ಗೆ ಮೊಮ್ಮಗಳ ಫೋನಿನಿಂದ ಒಂದು ಬ್ಯಾಂಡಿನ ರಾಗ ಬಂತು. ದೋಸೆ ತಿನ್ನುತ್ತಿದ್ದ ನಾನು ಎಂಜಲು ಕೈಯಲ್ಲೇ ಎದ್ದು ನೆಟ್ಟಗೆ ನಿಂತೆ.

"ಎಂತ ಅಜ್ಜಿ, ನಿಂತ್ಕಂಡ್ರಿ?" ಎಂದಳು. ಅದು ಬಲ್ಗೇರಿಯಾ ಎಂಬ ದೇಶದ ಹಳೆಯ ರಾಷ್ಟ್ರಗೀತೆಯಂತೆ. ಇರಬಹುದು. ನನ್ನ ಮಟ್ಟಿಗೆ ಅದು ಹೊಳೆಯಾಚೆ ತಲ್ಲೂರಿನ ಶೀನಣ್ಣನ ಪದ.

ಶೀನಣ್ಣ ಬೊಂಬಾಯಿಯ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದವ. ಯುದ್ಧಕಾಲದಲ್ಲಿ ಊರಿಗೆ ಬರುವಾಗ ಒಂದು ಹಿತ್ತಾಳೆಯ ಕಹಳೆ ತಂದ. ಹಡಗಿನಿಂದಿಳಿದು ಬೊಂಬಾಯಿಯಲ್ಲೇ ಉಳಿದಿದ್ದ ಬಲ್ಗೇರಿಯಾದ ಬ್ಯಾಂಡಿನವನೊಬ್ಬ ಕಲಿಸಿದ್ದಂತೆ. ಕಲಿಸಿದ್ದು ಒಂದೇ ಪದ, ಹೆಜ್ಜೆ ಹಾಕುತ್ತ ಹಾಡುವ ಮಾರ್ಚು. ನದಿಯ ಹೆಸರು ಹಿಡಿದು ಕ್ರಾಂತಿಕಾರರು ಹಾಡುತ್ತ ಯುದ್ಧಕ್ಕೆ ಹೋಗುತ್ತಿದ್ದ ಪದ. ಆಮೇಲೆ ಅರಸರು ಅದನ್ನು ತಮ್ಮದು ಮಾಡಿಕೊಂಡರಂತೆ. ಅರಸರ ಈ ಗುಣ ನಿಮಗೂ ಹೊಸತಲ್ಲ.

ನಮ್ಮೂರಿನ ಅರಸರೆಂದರೆ ಪಟೇಲರು. ಕಲೆಕ್ಟರು ಬರುತ್ತಾರೆಂದು ಆ ರಾಗಕ್ಕೆ ಸ್ವಾಗತದ ಮಾತು ಕಟ್ಟಿಸಿದರು. ರಾಗ ಮೇಲಕ್ಕೆ ಹತ್ತುವ ಕಡೆ, ಮೂಲದಲ್ಲಿ ದಂಡನಾಯಕನ ಹೆಸರಿದ್ದಲ್ಲಿ, ಕಲೆಕ್ಟರ ಹೆಸರು ಕೂಡಿಸಿದರು. ಎರಡು ಜಡೆ ಹಾಕಿ ಹಾಡಿದವರಲ್ಲಿ ನಾನೂ ಒಬ್ಬಳು. ಈ ರಾಗ ಕೇಳಿದೊಡನೆ ನೆಟ್ಟಗೆ ನಿಲ್ಲಬೇಕೆಂದು ನಮಗೂ ಪೊಲೀಸರಿಗೂ ಪಟೇಲರ ಅಂಗಳದಲ್ಲೇ ತಾಲೀಮಾಯಿತು.

ಅಷ್ಟರಲ್ಲಿ ಚಳವಳಿ ಬಂತು. ಹುಡುಗರಿಗೆ ಮೆರವಣಿಗೆಗೊಂದು ಹಾಡು ಬೇಕಾಯಿತು.

"ನಂಗೆ ಬಪ್ಪುದ್ ಇದೊಂದೇ. ಹೆಸ್ರ್ ಯಾರ್ದ್ ಬೇಕೋ ಹಾಕ್ಕಣಿ" ಎಂದ ಶೀನಣ್ಣ.

ನಾಯಕರ ಹೆಸರು ಹಾಕಿಕೊಂಡು ಹೊರಟೆವು. ಲಾಠಿ ಹಿಡಿದು ಕಾಯುತ್ತಿದ್ದ ಪೊಲೀಸರು ರಾಗ ಕೇಳಿದ್ದೇ ತಡ, ಎದೆಯುಬ್ಬಿಸಿ ಸೆಟೆದು ನಿಂತರು! ಬ್ರಿಟಿಷರನ್ನು ಹಾಡಿನಲ್ಲೇ ಓಡಿಸುತ್ತ ನಾವು ಅವರೆದುರೇ ಪೇಟೆ ದಾಟಿದೆವು. ಪೊಲೀಸ್ ಜಮೇದಾರನ ತಲೆಗೆ ಇದು ಹೊಳೆದಾಗ ನಾನು ಮನೆಯಲ್ಲಿ ಗಂಜಿ ಉಣ್ಣುತ್ತಿದ್ದೆ. ಸಿಕ್ಕವನು ಶೀನಣ್ಣ ಒಬ್ಬನೇ. ಅವನ ಮುಂದಿನ ಹಲ್ಲುಗಳು ಅಂದೇ ಹೋದವು.

ಸ್ವಾತಂತ್ರ್ಯ ಬರುವ ಹೊತ್ತಿಗೆ ಪಟೇಲರಿಗೆ ಖಾದಿ ಟೋಪಿ ಬಂದಿತ್ತು. ಅಳತೆ ತೆಗೆದು ಹೊಲಿಸಿದಂತೆ ಕೂತಿತ್ತು. ಬಾವುಟ ಏರಿಸುವ ಸಮಿತಿಗೂ ಅವರೇ ಅಧ್ಯಕ್ಷರು. ಆ ದಿನ ಒಮ್ಮೆ ಊದಬೇಕೆಂಬುದೊಂದೇ ಶೀನಣ್ಣನ ಆಸೆ. ಕಹಳೆಗೆ ಹುಣಸೆಹುಳಿ ಹಾಕಿ ತಿಕ್ಕಿ, ಪಟೇಲರ ಮುಂದೆ ನಿಂತ.

"ಅದ್ ಕಲೆಕ್ಟ್ರ ಪದ ಅಲ್ದಾ? ಗುಲಾಮ್ರ ಪದ ಬ್ಯಾಡ ಮಾರಾಯ" ಎಂದರು ಪಟೇಲರು. ಕಟ್ಟಿಸಿದವರು ಯಾರೆಂದು ಯಾರೂ ಕೇಳಲಿಲ್ಲ. ಎಲ್ಲರೂ ಅಂದು ಹಂಚುವ ಲಾಡಿನ ವಿಚಾರದಲ್ಲಿದ್ದರು.

"ನನ್ ಹಲ್ ಹೋಯ್ತ್. ಪದ ಹೋಯ್ಲಿಲ್ಲ" ಎಂದಷ್ಟೇ ಹೇಳಿ ಶೀನಣ್ಣ ಹೊರಟುಹೋದ.

ಹೊಳೆಬದಿಯ ಬಯಲಿನಲ್ಲಿ ಬಾವುಟ ಏರಿತು. ತಾವು ಪಟ್ಟ ಕಷ್ಟಗಳನ್ನು ಪಟೇಲರು ವಿವರಿಸತೊಡಗಿದ್ದರು. ಆಗ ತಲ್ಲೂರು ಕಡೆಯಿಂದ ಬರುತ್ತಿದ್ದ ದೋಣಿಯಿಂದ ಆ ರಾಗ ಕೇಳಿಸಿತು. ಬಂದೋಬಸ್ತಿಗೆ ನಿಂತಿದ್ದವರು ಅದೇ ಹಳೆಯ ಪೊಲೀಸರು. ಎಲ್ಲರೂ ಒಟ್ಟಿಗೆ ಹೊಳೆಯತ್ತ ತಿರುಗಿ ಸೆಟೆದು ನಿಂತರು. ಜನರೂ ತಿರುಗಿದರು. ಮಿಕ್ಕ ಭಾಷಣ ಬೆನ್ನುಗಳ ಮುಂದೆ ನಡೆಯಿತು.

ರಾಗ ಮೇಲಕ್ಕೆ ಹತ್ತಿತು. ಹೆಸರು ಬರುವ ಜಾಗದಲ್ಲಿ ಸ್ವರ ಹೊರಡಲಿಲ್ಲ. ಹಲ್ಲಿಲ್ಲದ ಬಾಯಿಂದ ಪುಸ್ ಎಂದು ಗಾಳಿ ಬಂತು, ಅಷ್ಟೆ. ನಾನು ಅತ್ತುಬಿಟ್ಟೆ.

"ಆ ದಂಡನಾಯಕನ ಹೆಸರನ್ನ ಆಮೇಲೆ ಅವರೇ ತೆಗೆದ್ರಂತೆ ಅಜ್ಜಿ. ರಾಜ ಹೋದ ಮೇಲೆ ಪದಾನೂ ಬಿಟ್ರಂತೆ, ನಮಗೆ ಸ್ವಾತಂತ್ರ್ಯ ಬಂದ ಕಾಲದಲ್ಲೇ" ಎಂದು ಈ ಕತೆಯೆಲ್ಲ ಕೇಳಿದ ಮೊಮ್ಮಗಳು ಫೋನು ನೋಡಿ ಓದಿದಳು. ಅಲ್ಲೂ ಒಬ್ಬರು ಪಟೇಲರು ಇದ್ದಿರಬೇಕು.

ಫೋನಿನ ಬ್ಯಾಂಡು ಆ ಜಾಗವನ್ನು ಬಲು ಜೋರಾಗಿ ನುಡಿಸಿತು.

"ತಪ್ಪು. ಅದು ಹಾಂಗಲ್ಲ" ಎಂದು ನಾನೇ ಹಾಡಿ ತೋರಿಸಿದೆ. ನನಗೂ ಈಗ ಮುಂದಿನ ಹಲ್ಲುಗಳಿಲ್ಲ. ಹೆಸರಿನ ಜಾಗದಲ್ಲಿ ಸರಿಯಾಗಿ ಗಾಳಿ ಬಂತು.