ಅವ್ವನಿಗೆ ನಾನು ತಗುಲಿಸಿದ ಕಾಯಿಲೆ

ಮೇಲಿನ ಫ್ಲ್ಯಾಟಿನ ತೆಲುಗು ಹುಡುಗಿ ಸ್ಪಂದನಾ ಎರಡು ವಾರ ಜರ್ಮನಿಯಲ್ಲಿ ಓದಿ ಬಂದಿದ್ದಾಳೆ. ಎರಡು ವಾರದಲ್ಲಿ ಏನು ಓದಬಹುದು ಎಂದು ನನ್ನನ್ನು ಕೇಳಬೇಡಿ. ನಾನು ಮೂರು ವಾರ ಓದಿದವಳು, ನನಗೇ ಗೊತ್ತಿಲ್ಲ. ನಿನ್ನೆ ಅವಳು ತಂದುಕೊಟ್ಟ ಚಾಕೊಲೇಟ್ ಬಿಚ್ಚಿದೆ ನೋಡಿ, ಆ ಕಹಿಗಂಪು ಮಿಯಾಪುರದ ಈ ಒಂಬತ್ತನೆಯ ಮಹಡಿಯಿಂದ ನನ್ನನ್ನು ನೇರವಾಗಿ ಜರ್ಮನಿಯಲ್ಲಿ ನಾನಿದ್ದ ಕಾಟ್ಯಾಳ ಮನೆಯ ಅಡುಗೆಮನೆಗೆ ಎಳೆದೊಯ್ದಿತು.

ಆಗ ಹೈದರಾಬಾದಿಗೆ ಐಟಿ ಜ್ವರ. ಕೋಳಿ ಅಂಗಡಿಯ ಬೋರ್ಡಿಗೂ ‘ಹೈಟೆಕ್’ ಸೇರಿಕೊಂಡ ಕಾಲ. ನಮ್ಮ ವಿಶ್ವವಿದ್ಯಾಲಯವೂ ಹಿಂದೆ ಬೀಳಬಾರದೆಂದು ಎಂಟು ಮಂದಿ ಎಂ.ಎ. ವಿದ್ಯಾರ್ಥಿಗಳನ್ನು ಜರ್ಮನಿಯ ಒಂದು ಸಣ್ಣ ಊರಿಗೆ ಅಟ್ಟಿತು. ಕಲಿಯಬೇಕಾಗಿದ್ದ ವಿಷಯ: ಸಂಸ್ಕೃತಿಗಳ ನಡುವೆ ಸಂವಹನ. ನಿಜವಾಗಿ ಕಲಿತದ್ದು, ಯಾವ ಕಸ ಯಾವ ಬಣ್ಣದ ಡಬ್ಬಿಗೆ ಎಂಬುದನ್ನು. ಆ ಡಬ್ಬಿಗಳ ಮುಂದೆ ನಿಂತು ನಾವು ತೆಗೆಸಿಕೊಂಡಷ್ಟು ಫೋಟೋಗಳನ್ನು ಅಲ್ಲಿನ ಚರ್ಚಿನ ಮುಂದೆಯೂ ತೆಗೆಸಿಕೊಳ್ಳಲಿಲ್ಲ. ಸಂವಹನದಲ್ಲಿ ನನಗೆ ಅತ್ಯುತ್ತಮ ದರ್ಜೆ ಬಂತು. ಅದರ ಯೋಗ್ಯತೆಯನ್ನು ಮುಂದಿನದನ್ನು ಓದಿ ನೀವೇ ಅಳೆಯಿರಿ.

ನನ್ನನ್ನು ಮನೆಯಲ್ಲಿಟ್ಟುಕೊಂಡ ಕಾಟ್ಯಾ ನನ್ನದೇ ವಯಸ್ಸಿನವಳು. ಬ್ರೆಡ್ ಅಂಗಡಿಯ ಮೇಲೆ ಎರಡು ಕೋಣೆ. ಅವಳು ಮತ್ತು ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸದ ಅವಳ ಅಮ್ಮ. ಮೊದಲ ದಿನವೇ ತನ್ನ ಮಂಚ ನನಗೆ ಬಿಟ್ಟುಕೊಟ್ಟು, ಅಡುಗೆಮನೆಯ ನೆಲದ ಮೇಲಿದ್ದ ಹಾಸಿಗೆ ತೋರಿಸಿ, “ನಾನು ಇಲ್ಲಿ ಮಲಗ್ತೀನಿ, ಬೆಳಿಗ್ಗೆ ಕಾಫಿಗೆ ಬರುವಾಗ ತುಳಿಯಬೇಡ” ಎಂದು ನಕ್ಕಳು. ಅವಳಿಗೆ ಎಳ್ಳಷ್ಟೂ ನಾಚಿಕೆಯಿರಲಿಲ್ಲ. ಅವಳ ಪಾಲಿನ ನಾಚಿಕೆಯನ್ನೂ ನಾನೇ ಪಟ್ಟೆ.

ನಿಮ್ಮ ಮನೆ ಹೇಗಿದೆ ಎಂದು ಅವಳು ಕೇಳಿದಳು. ನಮ್ಮ ಮನೆ ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸು. ಗೂಡ್ಸ್ ಗಾಡಿ ಹೋದರೆ ಗೂಡಿನಲ್ಲಿದ್ದ ಪಾತ್ರೆಗಳೆಲ್ಲ ಮಾತಾಡುತ್ತಿದ್ದವು. ಅಪ್ಪ ಅದೇ ಗೂಡ್ಸ್ ಗಾಡಿಯ ಗಾರ್ಡು. “ಅಪ್ಪ ಸಾರಿಗೆ ನಿರ್ವಹಣೆಯಲ್ಲಿದ್ದಾರೆ” ಎಂದೆ. ಇದನ್ನು ಸುಳ್ಳೆನ್ನಲಾಗದು, ಕಡೆಯ ಡಬ್ಬಿಯಲ್ಲಿ ನಿಂತು ಹಸಿರು ಬಾವುಟ ಬೀಸುವುದೂ ಒಂದು ನಿರ್ವಹಣೆಯೇ. “ಮನೆ ಹೊಸ ಅಪಾರ್ಟ್‌ಮೆಂಟು, ಕಿಟಕಿಯಿಂದ ಐಟಿ ಕಂಪನಿಗಳ ಗಾಜಿನ ಕಟ್ಟಡಗಳು ಕಾಣುತ್ತವೆ” ಎಂದೆನಲ್ಲ, ಅದು ಸುಳ್ಳು.

ಆರು ತಿಂಗಳಿಗೆ ಅವರ ತಂಡ ನಮ್ಮೂರಿಗೆ ಬಂತು. ಪ್ರತಿಯೊಬ್ಬರೂ ತಮ್ಮ ಜೋಡಿಯ ಮನೆಯಲ್ಲಿ ಎರಡು ದಿನ ಇರಬೇಕೆಂಬ ನಿಯಮ. ಅವ್ವ ಆಗಲೇ ಅಡುಗೆಮನೆಗೆ ಸುಣ್ಣ ಬಳಿದು, ಶೇಂಗಾ ಚಟ್ನಿ ಕುಟ್ಟಿ ಕಾದಿದ್ದಳು.

“ಅವ್ವಾ, ಅವರಿಗೆ ಟೈಮ್ ಇಲ್ಲಂತ. ಬರೂದಿಲ್ಲ.”

“ಒಂದ್ ಕಪ್ ಚಾ ಕುಡಿಯಾಕೂ ಇಲ್ಲೇನ?”

ನಾನು ಕಾಟ್ಯಾಳನ್ನು ಮಿಯಾಪುರದಲ್ಲಿದ್ದ ಕಾಕಾನ ಫ್ಲ್ಯಾಟಿಗೆ ಕರೆದೊಯ್ದೆ. ಕಾಕಾ ಅಂದರೆ ಅಪ್ಪನ ತಮ್ಮ, ಕಾಕು ಅವನ ಹೆಂಡತಿ. ‘ಇದು ನಮ್ಮ ಮನೆ, ಕಾಕಾ ಕಾಕು ನಮ್ಮ ಜೊತೆಗಿದ್ದಾರೆ’ ಎಂದು ಅವಳಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಕಾಕು ಇಂಗ್ಲಿಷ್ ಅರಿಯದವಳು, ನಕ್ಕು ತಲೆಯಾಡಿಸಿದಳು. ಕಿಟಕಿಯಿಂದ ಕಂಡದ್ದು ಬಂಡೆಗುಡ್ಡ, ಎರಡು ಎಮ್ಮೆ. “ಇವತ್ತು ಮಂಜು” ಎಂದೆ.

“ನಿನ್ನ ಅಮ್ಮ ಎಲ್ಲಿ?”

“ಹಳ್ಳಿಯಲ್ಲಿದ್ದಾಳೆ, ಅಪ್ಪನೂ ಅಲ್ಲೇ. ಅವಳಿಗೆ ಹುಷಾರಿಲ್ಲ.”

“ಹಾಗಾದರೆ ನಾಳೆ ಹೋಗಿ ನೋಡಿ ಬರೋಣ.”

ಸುಳ್ಳಿಗೆ ಹೀಗೆ ಕಾಲು ಮೂಡಿದರೆ ಏನು ಮಾಡುವುದು? “ಹೋಗಿ ಪ್ರಯೋಜನವಿಲ್ಲ, ಅವಳು ಯಾರನ್ನೂ ಗುರುತು ಹಿಡಿಯುವುದಿಲ್ಲ” ಎಂದುಬಿಟ್ಟೆ. ಕಾಟ್ಯಾಳ ಕಣ್ಣು ತುಂಬಿತು. ನನ್ನ ಕೈ ಹಿಡಿದುಕೊಂಡು ಕೂತಳು. ನಾನು ಕೈ ಬಿಡಿಸಿಕೊಳ್ಳಲಿಲ್ಲ. ದುಃಖದ ಮುಖವನ್ನೂ ಮಾಡಿದೆ.

ಅವರು ಹೊರಡುವ ಬೆಳಿಗ್ಗೆ ಬೇಗಂಪೇಟೆಯ ವಿಮಾನ ನಿಲ್ದಾಣದ ಬಾಗಿಲಲ್ಲಿ ನಾವು ತಬ್ಬಿಕೊಳ್ಳುತ್ತಿದ್ದಾಗ ಹಿಂದಿನಿಂದ ನನ್ನ ಹೆಸರು ಕೇಳಿಸಿತು. ಅವ್ವ, ಅಪ್ಪ. ಕಾಕು ಏನೂ ಅರಿಯದೆ ಅವ್ವನಿಗೆ ಫೋನಿನಲ್ಲಿ, ‘ಹುಡುಗಿ ಭಾಳ ಛಲೋ ಅದಾಳ್ರಿ ವೈನಿ, ನಾಳೆ ಹೊಂಟಾಳ’ ಎಂದಿದ್ದಳಂತೆ. ಅಪ್ಪ ಡ್ಯೂಟಿಯಿಂದ ನೇರ ಬಂದಿದ್ದರು, ಗಾರ್ಡಿನ ಬಿಳಿ ಯೂನಿಫಾರ್ಮಿನಲ್ಲೇ. ಅವ್ವನ ಕೈಯಲ್ಲಿ ಬಟ್ಟೆಯ ಗಂಟು.

“ಮನಿಗಂತೂ ಬರಲಿಲ್ಲ, ಬುತ್ತಿನಾದ್ರೂ ಒಯ್ಯಲಿ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಕೆಡೂದಿಲ್ಲ ಅಂತ ಹೇಳ.”

“ಯಾರಿವರು?” ಎಂದಳು ಕಾಟ್ಯಾ.

ಅಪ್ಪ ನನಗಿಂತ ಮೊದಲೇ ಉತ್ತರಿಸಿದರು, ರೈಲ್ವೆ ಇಂಗ್ಲಿಷಿನಲ್ಲಿ: “ಫಾದರ್. ಮದರ್.”

ಕಾಟ್ಯಾ ಅವ್ವನನ್ನು ನೋಡಿದಳು, ನನ್ನನ್ನು ನೋಡಿದಳು. “ಹುಷಾರಿಲ್ಲದ ಅಮ್ಮ ಇವರೇ? ಇವರು ನಿನ್ನನ್ನು ಗುರುತು ಹಿಡಿಯುತ್ತಾರೆಯೇ?”

“ಏನಂತಾಳ?” ಎಂದಳು ಅವ್ವ.

“ನಿನ್ನ ಸೀರಿ ಛಂದ ಐತಿ ಅಂತಾಳ.”

ಅವ್ವ ನಾಚಿ ಸೆರಗು ಸರಿಮಾಡಿಕೊಂಡಳು. ಅಪ್ಪನ ಮುಖ ಮಾತ್ರ ಬದಲಾಯಿತು. “ನಾಟ್ ಸಿಕ್, ಮೇಡಂ. ಫಿಟ್. ಹೌಸ್ ಮಲ್ಕಾಜ್‌ಗಿರಿ” ಎಂದರು ಮೆಲ್ಲಗೆ. ಅಷ್ಟೇ.

ಕಾಟ್ಯಾ ಬಗ್ಗಿ ಗಂಟು ತೆಗೆದುಕೊಂಡಳು, ಅವ್ವನ ಕೆನ್ನೆಗೆ ಕೆನ್ನೆ ತಾಗಿಸಿದಳು. ನನಗೆ, “ನಾನು ಎಲ್ಲಿ ಮಲಗುತ್ತೇನೆಂದು ನಿನಗೆ ಮೊದಲ ದಿನವೇ ತೋರಿಸಿದ್ದೆ” ಎಂದಷ್ಟೇ ಹೇಳಿ ಒಳಗೆ ಹೋದಳು.

ಮನೆಗೆ ಮರಳುವ ರೈಲಿನಲ್ಲಿ ಅವ್ವ ಕೇಳಿದಳು: “ನನಗ ಏನ್ ಬ್ಯಾನಿ ಐತಿ ಅಂತ ಹೇಳಿದ್ದಿ?”

“ಮೊಣಕಾಲ ನೋವು.”

“ಹಾಂ. ಅದು ಖರೇನ ಐತಿ” ಎಂದಳು. ಅಪ್ಪ ಕಿಟಕಿಯಾಚೆ ನೋಡುತ್ತಿದ್ದರು.

ಕಾಟ್ಯಾಳಿಗೆ ನಾಲ್ಕು ಪುಟದ ಕ್ಷಮಾಪಣೆ ಬರೆದೆ. ಎರಡು ತಿಂಗಳಿಗೆ ಒಂದು ಕಾರ್ಡು ಬಂತು: “ನಿನ್ನ ಅಮ್ಮನ ಚಟ್ನಿ ಮುಗಿಯಿತು. ನಿನ್ನ ಮೇಲಿನ ಸಿಟ್ಟು ಇನ್ನೂ ಸ್ವಲ್ಪ ಉಳಿದಿದೆ.” ಆಮೇಲೆ ಏನೂ ಬರಲಿಲ್ಲ. ನಾನು ಕೆಲಸಕ್ಕೆ ಸೇರಿದೆ, ಅಪ್ಪ ತೀರಿಕೊಂಡರು, ಅವ್ವ ನನ್ನ ಜೊತೆಗೆ ಬಂದಳು. ಯಾರಾದರೂ ಜರ್ಮನಿಯ ಅನುಭವ ಕೇಳಿದರೆ ಕಸದ ಡಬ್ಬಿಗಳ ಕತೆ ಹೇಳಿ ನಗಿಸುವುದನ್ನು ರೂಢಿ ಮಾಡಿಕೊಂಡೆ.

ನಿನ್ನೆ ಸ್ಪಂದನಾ ಕೇಳಿದಾಗಲೂ ಡಬ್ಬಿಗಳಿಂದಲೇ ಶುರುಮಾಡಿದೆ. ಮುಂದಿನ ತಿಂಗಳು ಅಲ್ಲಿಯ ಹುಡುಗಿ ಅವಳ ಮನೆಗೆ ಬರುತ್ತಾಳಂತೆ. ಆ ವಾರ ಅಜ್ಜಿಯನ್ನು ಅತ್ತೆಯ ಮನೆಗೆ ಕಳಿಸುತ್ತಾರಂತೆ. ಅದನ್ನು ಅವಳು ಎಷ್ಟು ಸಲೀಸಾಗಿ ಹೇಳಿದಳೆಂದರೆ, ನನ್ನ ನಗು ಅಲ್ಲೇ ನಿಂತಿತು. ಇಲ್ಲಿಯವರೆಗೆ ನಿಮಗೆ ಹೇಳಿದ್ದನ್ನೆಲ್ಲ ಅವಳಿಗೆ ತೆಲುಗಿನಲ್ಲಿ ಹೇಳಿದೆ, ‘ಗುರುತು ಹಿಡಿಯುವುದಿಲ್ಲ’ ಎಂದದ್ದನ್ನೂ ಸೇರಿಸಿ. ಪಕ್ಕದಲ್ಲಿ ಅವ್ವ ಅವರೆಕಾಯಿ ಸುಲಿಯುತ್ತಿದ್ದಳು. ಅವಳಿಗೆ ತೆಲುಗು ನನಗಿಂತ ಚೆನ್ನಾಗಿ ಬರುತ್ತದೆ.

ತಲೆಯೆತ್ತದೆಯೇ ಅವಳು ನನಗೆ ಕನ್ನಡದಲ್ಲಿ ಹೇಳಿದಳು: “ಗೊತ್ತೈತಿ. ಅವತ್ತ ನಿಮ್ಮಪ್ಪ ಹೇಳ್ಯಾರ. ನೀ ಯಾವಾಗ ಹೇಳ್ತಿ ಅಂತ ಇಷ್ಟ್ ವರ್ಷ ನೋಡಾಕತ್ತಿದ್ದೆ.”

“ಅಮ್ಮಮ್ಮ ಏನಂದರು, ಆಂಟೀ?” ಎಂದಳು ಸ್ಪಂದನಾ.

ಒಂದಕ್ಷರ ಬಿಡದೆ ಅವಳಿಗೆ ತೆಲುಗಿನಲ್ಲಿ ಹೇಳಿದೆ.