ಅಪ್ಪ ಹೊಲಿದ ಬಿಳಿ ಅಂಗಿ

ನಾನಿನ್ನೂ ಚಿಕ್ಕವನಿದ್ದಾಗ ಕೊಟ್ಟೂರಿನ ನಮ್ಮ ಮನೆಯ ಮುಂದಿನ ಕೋಣೆಯೇ ಅಪ್ಪನ ಹೊಲಿಗೆ ಅಂಗಡಿ. ಓಣಿಗೆ ಕಾಲಿಟ್ಟರೆ ಮೊದಲು ಕೇಳುತ್ತಿದ್ದುದು ಅವನ ಮಿಷನ್ನಿನ ಸದ್ದು. ಕೋಣೆಯ ತುಂಬ ಹೊಸ ಬಟ್ಟೆಯ ಗಂಜಿ ವಾಸನೆ, ಇಸ್ತ್ರಿ ಪೆಟ್ಟಿಗೆಯ ಕೆಂಡದ ಬಿಸಿ.

ಒಂದು ಬೇಸಿಗೆಯ ಬೆಳಿಗ್ಗೆ ಅಪ್ಪ ಬಿಳಿ ಅಂಗಿಯೊಂದಕ್ಕೆ ಕೊನೆಯ ಗುಂಡಿ ಹಚ್ಚಿ ಮೇಜಿನ ಮೇಲೆ ಹರಡಿದ್ದ. ಅದು ಪಕ್ಕದ ಹಳ್ಳಿಯ ಕುರಿ ಸಾಕುವ ಹಿರಿಯರೊಬ್ಬರದು. ಮರುದಿನ ಅವರ ಮಗಳ ಮದುವೆ. ಸಂಜೆ ಬಂದು ಒಯ್ಯುವವರಿದ್ದರು.

ಹೈಸ್ಕೂಲಿಗೆ ಹೋಗುತ್ತಿದ್ದ ಅಕ್ಕ ಅಪ್ಪನಿಗೆ ಒಗ್ಗರಣೆ ಮಂಡಕ್ಕಿ ತಂದಳು. ನೆಲದ ಮೇಲಿದ್ದ ಬಟ್ಟೆಯ ಚೂರುಗಳ ಮೇಲೆ ಅವಳ ಕಾಲು ಜಾರಿತು. ತಟ್ಟೆ ಅಂಗಿಯ ಎದೆಯ ಮೇಲೇ ಮಗುಚಿತು. ಮಂಡಕ್ಕಿ ಬಳಿದು ತೆಗೆದರೂ ಅರಿಶಿಣದ ಎಣ್ಣೆ ಅಲ್ಲೇ ಉಳಿಯಿತು.

ಅಕ್ಕ ಅಂಗಿಯನ್ನು ಹಿತ್ತಲಿಗೆ ಒಯ್ದು ಒಗೆಯುವ ಕಲ್ಲಿನ ಮೇಲೆ ಸಬಕಾರ ಹಚ್ಚಿ ತಿಕ್ಕಿದಳು. ನಮ್ಮ ಕಣ್ಣೆದುರೇ ಹಳದಿ ಕಲೆ ಕೆಂಪಾಯಿತು. ತಿಕ್ಕಿದಷ್ಟೂ ಕಡುಗೆಂಪು. ಅವಳು ಅಳತೊಡಗಿದಳು. ಅಪ್ಪ ಬೈಯಲಿಲ್ಲ. ಅಂಥದೇ ಬಟ್ಟೆ ಇವತ್ತು ಸಿಕ್ಕೀತೇ, ಸಂಜೆಯೊಳಗೆ ಹೊಲಿಯಲಾದೀತೇ ಎಂದು ಅವ್ವನನ್ನು ಕೇಳಿದ. ದನಿ ತೀರ ಇಳಿದಿತ್ತು.

ಅವ್ವ ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿ, ಆರತಿಗೆಂದು ಅರಿಶಿಣದ ನೀರಿಗೆ ಸುಣ್ಣ ಹಾಕಿದರೆ ಬರುವ ಬಣ್ಣವೇ ಇದು ಅಂದಳು. ಅಕ್ಕನ ಅಳು ಥಟ್ಟನೆ ನಿಂತಿತು. ಹಿಂದೊಮ್ಮೆ ಹುಣಸೆಹಣ್ಣು ಕಿವುಚಿದ ಕೈಯನ್ನು ಅವಳು ಆ ಕೆಂಪು ನೀರಿನಲ್ಲಿ ಅದ್ದಿದಾಗ ನೀರು ಮತ್ತೆ ಹಳದಿಯಾಗಿತ್ತಂತೆ.

“ಅವ್ವಾ, ಸಬಕಾರನೂ ಸುಣ್ಣದ ಜಾತಿನ ಇರಬೇಕು. ಹುಳಿ ಬಿದ್ರ ಕೆಂಪು ಹೋಗತೈತಿ,” ಅಂದಳು.

ಹುಣಸೆಯೇ ಇನ್ನೊಂದು ಕಲೆ ಮಾಡೀತೆಂದು ಅವ್ವ ನಿಂಬೆಹಣ್ಣು ಕೊಟ್ಟಳು. ಅಕ್ಕ ಅದನ್ನು ಕಲೆಯ ಮೇಲೆ ಹಿಂಡಿದಳು. ರಸ ಹರಿದಲ್ಲೆಲ್ಲ ಕೆಂಪು ಮಾಯವಾಗಿ ತಿಳಿ ಹಳದಿ ಉಳಿಯಿತು. ಅಪ್ಪ ಅಂಗಿಯನ್ನು ಜಾಲಿಸಿ ಬಿಸಿಲಿಗೆ ಹಾಕಿದ. ಬಿಸಿಲು ಆ ಹಳದಿಯನ್ನೂ ಮೆಲ್ಲಮೆಲ್ಲಗೆ ತಿಂದಿತು.

ಸಂಜೆ ಹಿರಿಯರು ಬಂದಾಗ ಅಪ್ಪ ಏನನ್ನೂ ಮುಚ್ಚಿಡಲಿಲ್ಲ. ಎದೆಯ ಮೇಲೆ ಉಳಿದಿದ್ದ ಮಸುಕು ನೆರಳನ್ನೂ ತಾನೇ ತೋರಿಸಿ, ಬೇಡವೆಂದರೆ ಬಟ್ಟೆಯ ದುಡ್ಡು ಕೊಡುತ್ತೇನೆ ಅಂದ. ಅಕ್ಕ ಬಾಗಿಲ ಮರೆಯಲ್ಲಿ ನಿಂತಿದ್ದಳು. ಹಿರಿಯರು ಅಂಗಿಯನ್ನು ಹೆಗಲ ಮೇಲೆ ಹಾಕಿಕೊಂಡರು.

“ಮದುವಿ ಅಂಗಿ ಐತಿ. ಒಂದೀಟು ಅರಿಶಿಣ ಇರಲಿ ಬಿಡ್ರಿ,” ಅಂದು, ಅಕ್ಕನನ್ನೂ ಮದುವೆಯ ಊಟಕ್ಕೆ ಕರಕೊಂಡು ಬರಬೇಕೆಂದು ಅಪ್ಪನಿಗೆ ಹೇಳಿ ಹೋದರು.

ಮಕ್ಕಳೇ, ಸುಣ್ಣ, ಸಬಕಾರಗಳಲ್ಲಿ ಇರುವುದು ಕ್ಷಾರ. ನಿಂಬೆ, ಹುಣಸೆಯಲ್ಲಿ ಇರುವುದು ಆಮ್ಲ. ಎರಡೂ ತಕ್ಕ ಅಳತೆಯಲ್ಲಿ ಸೇರಿದರೆ ಒಂದರ ಗುಣವನ್ನು ಇನ್ನೊಂದು ಅಡಗಿಸುತ್ತದೆ. ಇದಕ್ಕೆ ತಟಸ್ಥೀಕರಣ ಎಂದು ಹೆಸರು. ನಿಮ್ಮ ಶಾಲೆಯಲ್ಲಿ ಗಾಜಿನ ಕೊಳವೆಗಳಿವೆ, ಬಣ್ಣ ಬದಲಿಸುವ ಕಾಗದಗಳಿವೆ. ಹೆಸರನ್ನು ಮೊದಲು ಕಲಿಯುತ್ತೀರಿ, ಬಣ್ಣವನ್ನು ಆಮೇಲೆ ನೋಡುತ್ತೀರಿ. ನಮಗೆ ಅವತ್ತು ಹಿತ್ತಲ ಕಲ್ಲಿನ ಮೇಲೆ ಬಣ್ಣವೇ ಮೊದಲು ಕಂಡಿತು. ಅದರ ಹೆಸರನ್ನು ಅಕ್ಕ ಒಂದು ದಿನ ಶಾಲೆಯಿಂದ ಓಡುತ್ತಾ ಬಂದು, ಚೀಲವನ್ನೂ ಇಳಿಸದೆ ಅಪ್ಪನಿಗೆ ಹೇಳಿದಳು.